ಕಾರವಾರದ ನಾಲಿಗೆಗೆ ಸಿಚುವಾನ್ ಹೊಸದೇನಲ್ಲ

ಬೆಂಗಳೂರಿನ ದೊಡ್ಡ ಚೈನೀಸ್ ಹೋಟೆಲಿಗೆ ಹೋಗಿ, ದಪ್ಪ ಮೆನು ಕಾರ್ಡನ್ನು ಮೊದಲಿಂದ ಕೊನೆವರೆಗೆ ತಿರುವಿ, ಕಡೆಗೆ ನಮ್ಮೂರ ಗಾಡಿಯಲ್ಲೂ ಸಿಗುವ ಗೋಬಿ ಮಂಚೂರಿ, ಫ್ರೈಡ್ ರೈಸ್ ಹೇಳಿ ಎದ್ದು ಬರುವವರೇ ಜಾಸ್ತಿ. ಮಂಚೂರಿ ಚೀನಾದ ತಿಂಡಿಯಲ್ಲ. ಕೋಲ್ಕತ್ತಾ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಚಿಕನ್ ಮಂಚೂರಿ ಮಾಡಿದರು ಎನ್ನುವುದು ಸಾಮಾನ್ಯವಾಗಿ ಕೇಳಿಬರುವ ಮಾತು: ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಹುರಿದು, ಗರಂ ಮಸಾಲೆ ಬದಲು ಸೋಯಾ ಸಾಸ್, ಮೇಲಿಂದ ಕಾರ್ನ್ ಫ್ಲೋರ್. ರುಚಿ ಇದೆ, ಆದರೆ ಅದಕ್ಕಾಗಿ ಅಷ್ಟು ದುಡ್ಡು ಕೊಡಬೇಕಿಲ್ಲ.

ಮೊದಲು ಹೋಟೆಲು ಯಾವ ಜಾತಿಯದು ಅಂತ ನೋಡಿ. ಕಾರ್ಡಿನಲ್ಲಿ ಪನೀರ್ ಚಿಲ್ಲಿ, ಥಾಯ್ ಕರಿ, ಪಾಸ್ತಾ ಎಲ್ಲ ಒಟ್ಟಿಗಿದ್ದರೆ ಅಲ್ಲಿ ಮಂಚೂರಿಯೇ ಸರಿ. ಮಾಪೊ ತೋಫು (ಖಾರದ ಸಾಸಿನಲ್ಲಿ ಬೇಯಿಸಿದ ಸೋಯಾ ಪನೀರು), ಇಡೀ ಮೀನಿನ ಸ್ಟೀಮ್, ಬಿದಿರು ಬುಟ್ಟಿಯಲ್ಲಿ ಬೇಯಿಸಿದ ಡಿಮ್ ಸಮ್ ಎಂಬ ಪುಟ್ಟ ಕಡುಬು ಇದ್ದರೆ ಮುಂದೆ ಓದಿ.

ನಮ್ಮಲ್ಲಿ ಸಿಗುವ ಸೆಜ್ವಾನ್ ಸಾಸ್ ಅಂದರೆ ಒಣಮೆಣಸು, ಬೆಳ್ಳುಳ್ಳಿ, ವಿನೆಗರ್, ಬರೀ ಖಾರ. ಆ ಹೆಸರು ಬಂದದ್ದು ಚೀನಾದ ಸಿಚುವಾನ್ ಪ್ರಾಂತ್ಯದಿಂದ, ಆದರೆ ಅಲ್ಲಿನ ಅಡುಗೆಯ ಜೀವ ಬೇರೆ ಎರಡರಲ್ಲಿದೆ: ಒಂದು, ಅವರೆಯಂಥ ದೊಡ್ಡ ಕಾಳನ್ನು ಮೆಣಸಿನ ಜೊತೆ ಹುಳಿಬರಿಸಿದ ಕೆಂಪು ಪೇಸ್ಟು. ಇನ್ನೊಂದು, ನಾಲಿಗೆ ಜುಮುಗುಡಿಸುವ ಸಿಚುವಾನ್ ಕಾಳು. ಹೆಸರಿಗೆ ಪೆಪ್ಪರ್, ಆದರೆ ಕಾಳುಮೆಣಸಿನ ಬಳಗವಲ್ಲ. ಬಂಗಡೆ, ತಾರ್ಲಿ ಸಾರಿಗೆ ನಾವು ಜಜ್ಜಿ ಹಾಕುವ ಜುಮ್ಮನಕಾಯಿ, ಅದೇ ಕೊಂಕಣಿಗರ ತೆಪ್ಪಲ್, ಅದರ ಖಾಸಾ ದಾಯಾದಿ. ಎರಡರಲ್ಲೂ ಕರಿ ಬೀಜ ಎಸೆದು ಸಿಪ್ಪೆ ಮಾತ್ರ ಬಳಸುವುದು. ಎಣ್ಣೆ ಮೀನಿನ ವಾಸನೆ ಕಡಿಯಲಿಕ್ಕೆ ನಾವು ಹಾಕಿದರೆ, ಅವರು ಹುರಿದು ಪುಡಿ ಮಾಡಿ ಕೊನೆಯಲ್ಲಿ ಉದುರಿಸುತ್ತಾರೆ. ಹಾಗಾಗಿ ಬೇರೆಯವರು ಬೆಚ್ಚಿ ನೀರು ಕುಡಿಯುವ ತಟ್ಟೆಯನ್ನು ಕಾರವಾರದವರು ಧೈರ್ಯವಾಗಿ ಹೇಳಬಹುದು. ನಾಲಿಗೆ ಜುಮ್ಮೆನ್ನದಿದ್ದರೆ ಕಾಳು ಹಳೆಯದು, ಪರಿಮಳ ಹೋಗಿದೆ ಅಂತ ತಿಳಿಯಿರಿ. ಮಾಪೊ ತೋಫುವಿನಲ್ಲಿ ಸಾಮಾನ್ಯವಾಗಿ ಕೊಚ್ಚಿದ ಮಾಂಸ ಇರುತ್ತದೆ, ಕೇಳಿಯೇ ಹೇಳಿ.

ಮೀನು ತಿನ್ನುವವರು ಸ್ಟೀಮ್ ಮೀನು ಬಿಡಬೇಡಿ. ಹೇಳುವ ಮೊದಲು ಎರಡು ಪ್ರಶ್ನೆ: ಇಡೀ ಮೀನೋ ಫಿಲೆಟ್ಟೋ? ಯಾವ ಮೀನು? ಉತ್ತರ ಬಾಸಾ ಅಂತ ಬಂದರೆ ಅಲ್ಲಿಗೇ ಬಿಡಿ. ಅದು ವಿಯೆಟ್ನಾಂ ಕಡೆ ಸಾಕುವ ಸಿಹಿನೀರಿನ ಮೀನು, ಸಮುದ್ರದ ಮೀನು ತಿಂದು ಬೆಳೆದವರಿಗೆ ಹತ್ತಿ ಅಗಿದಂತೆ. ಪಾಪ್ಲೆಟ್ ಅಥವಾ ಚೊಣಕ್ ಇದ್ದರೆ ಹೇಳಿ. ರೇಟಿನ ಜಾಗದಲ್ಲಿ 'ಸೈಜ್ ಪ್ರಕಾರ' ಅಂತಿದ್ದರೆ ತೂಕ, ದರ ಎರಡನ್ನೂ ಮೊದಲೇ ಕೇಳಿಕೊಳ್ಳಿ. ಬಿಲ್ ಬಂದ ಮೇಲೆ ವಾದ ಮಾಡಿ ಪ್ರಯೋಜನವಿಲ್ಲ. 600–700 ಗ್ರಾಂ ಮೀನು ಜೋರು ಹಬೆಯಲ್ಲಿ 8–10 ನಿಮಿಷ ಬೆಂದರೆ ಸಾಕು. ಆಮೇಲೆ ಸಣ್ಣಗೆ ಸೀಳಿದ ಶುಂಠಿ, ಈರುಳ್ಳಿ ಸೊಪ್ಪು ಇಟ್ಟು, ಹೊಗೆಯಾಡುವ ಎಣ್ಣೆ ಹೊಯ್ದು, ತೆಳು ಸೋಯಾ ಬಿಡುತ್ತಾರೆ. ಬೆನ್ನುಮೂಳೆ ಹತ್ತಿರ ಒಂಚೂರು ಗುಲಾಬಿ ಉಳಿದು, ಮಾಂಸ ಮುಟ್ಟಿದರೆ ಬಿಡುತ್ತಿದ್ದರೆ ಹದ. ನಾರುನಾರಾಗಿ ಒಣಗಿದ್ದರೆ ಹೆಚ್ಚು ಬೆಂದಿದೆ. ದಪ್ಪ ಗ್ರೇವಿಯಲ್ಲಿ ಮುಳುಗಿಸಿ ತಂದರೆ ಮೀನು ತಾಜಾ ಅಲ್ಲದಿರಬಹುದು. ಮೇಲಿನ ಮಾಂಸ ಮುಗಿದ ಮೇಲೆ ಮೀನು ಮಗುಚಬೇಡಿ, ಮುಳ್ಳೆತ್ತಿ ಕೆಳಗಿನದನ್ನು ತಿನ್ನಿ. ಮೀನು ಮಗುಚಿದರೆ ದೋಣಿ ಮಗುಚುತ್ತದೆ ಅಂತ ದಕ್ಷಿಣ ಚೀನಾದ ಮೀನುಗಾರರ ನಂಬಿಕೆ. ನಮ್ಮ ಬೈತಕೋಲ ಬಂದರಿನವರು ಇದಕ್ಕೆ ನಗಲಿಕ್ಕಿಲ್ಲ.

ಶಿರಸಿ ಕಡೆಯ ಸಸ್ಯಾಹಾರಿಗಳಿಗೆ ಕಷ್ಟ ಇರುವುದು ತರಕಾರಿಯಲ್ಲಲ್ಲ, ಸಾಸಿನಲ್ಲಿ. ಬ್ರೊಕೋಲಿ, ಅಣಬೆ, ಬೇಬಿ ಕಾರ್ನ್ ತಟ್ಟೆಗೆ ಆಯ್‌ಸ್ಟರ್ ಸಾಸ್ ಬೀಳುವುದು ಮಾಮೂಲು. ಅದು ಚಿಪ್ಪುಮೀನಿನ ರಸ. ಅಣಬೆಯಿಂದ ಮಾಡಿದ್ದೂ ಸಿಗುತ್ತದೆ, ಅದನ್ನೇ ಹಾಕಲು ಹೇಳಬಹುದು. ಹಾಟ್ ಅಂಡ್ ಸೋರ್ ಸೂಪಿಗೆ ಚಿಕನ್ ಸ್ಟಾಕ್, ಅಂದರೆ ಕೋಳಿ ಬೇಯಿಸಿದ ನೀರು, ಇರಬಹುದು, ನೂಡಲ್ಸಿನ ಹಿಟ್ಟಿನಲ್ಲೇ ಮೊಟ್ಟೆ ಇರಬಹುದು, ಎಕ್ಸ್ಒ ಸಾಸಿನಲ್ಲಿ ಒಣ ಸಿಗಡಿ ಇದ್ದೇ ಇರುತ್ತದೆ. 'ವೆಜ್ಜಾ?' ಅಂತ ಕೇಳಿದರೆ ಹೌದು ಅಂದುಬಿಡುತ್ತಾರೆ. 'ಯಾವ ಸಾಸು, ಯಾವ ಸ್ಟಾಕು, ಕರಿಯುವ ಎಣ್ಣೆ ಬೇರೆಯಾ?' ಅಂತ ಬಿಡಿಸಿ ಕೇಳಿ. ಬೆಳ್ಳುಳ್ಳಿ ಬಿಟ್ಟವರು ಸೆಜ್ವಾನ್, ಹಾಟ್ ಗಾರ್ಲಿಕ್ ಕಡೆ ನೋಡಲೇಬೇಡಿ. ಆ ಸಾಸುಗಳನ್ನು ಬೆಳಿಗ್ಗೆಯೇ ಕಾಸಿಟ್ಟಿರುತ್ತಾರೆ, ನಿಮಗಾಗಿ ಬೇರೆ ಮಾಡುವುದಿಲ್ಲ. ಶುಂಠಿ, ಉಪ್ಪು, ಕಾಳುಮೆಣಸಿನಲ್ಲಿ ತರಕಾರಿ ಬಾಡಿಸಿಕೊಡಿ ಅಂದರೆ ಮಾಡಿಕೊಡುತ್ತಾರೆ. ಕೃತಕ ಬಣ್ಣದ ವಿಷಯ: 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಅದನ್ನು ನಿಷೇಧಿಸಿದೆ. ತಟ್ಟೆ, ಬೆರಳು ತೊಳೆದರೂ ಕೆಂಪು ಬಿಡದಿದ್ದರೆ ಅದು ಬ್ಯಾಡಗಿ ಮೆಣಸಿನ ಬಣ್ಣವಲ್ಲದಿರಬಹುದು.

ನಾಲ್ಕು ಜನಕ್ಕೆ ಒನ್ ಬೈ ಟೂ ಲೆಕ್ಕದಲ್ಲಿ ಎರಡು ಸೂಪು, ಒಂದು ಡ್ರೈ, ಎರಡು ಗ್ರೇವಿ, ಒಂದು ರೈಸ್, ಒಂದು ನೂಡಲ್ಸ್ ಧಾರಾಳ. ಒಬ್ಬರಿಗೊಂದು ತಟ್ಟೆ ಅಂತ ಹೇಳಿದರೆ ಅರ್ಧ ಉಳಿಯುತ್ತದೆ. ಎರಡು ಗ್ರೇವಿಯೂ ಒಂದೇ ತಳಹದಿಯದಾಗಬಾರದು: ಮಂಚೂರಿಯನ್ ಮತ್ತು ಹಾಟ್ ಗಾರ್ಲಿಕ್ ಬಾಯಿಗೆ ಹೆಚ್ಚುಕಮ್ಮಿ ಒಂದೇ. ಒಂದು ಖಾರದ್ದಾದರೆ ಇನ್ನೊಂದು ಶುಂಠಿ-ಸೋಯಾದ ತೆಳುವಾದ್ದಿರಲಿ, ಜೊತೆಗೆ ಫ್ರೈಡ್ ರೈಸ್ ಬದಲು ಬಿಳಿ ಅನ್ನ ಹೇಳಿ ನೋಡಿ. ರೈಸು, ನೂಡಲ್ಸನ್ನು ಸ್ಟಾರ್ಟರ್ ಮುಗಿಯುವ ಹೊತ್ತಿಗೆ ತರಲು ಹೇಳಿ. ಬಾಣಲೆಯಿಂದ ಇಳಿದ ಆ ಹೊಗೆಯ ಪರಿಮಳ ಹತ್ತು ನಿಮಿಷವೂ ನಿಲ್ಲುವುದಿಲ್ಲ.

ಬಡಿಸುವ ಚಮಚ ಬೇರೆ ಇಟ್ಟುಕೊಳ್ಳಿ. ಎಂಜಲು ಚಮಚ ಅದ್ದಿದರೆ ಮಡಿ-ಮೈಲಿಗೆ ಹಾಗಿರಲಿ, ಗ್ರೇವಿಯೇ ಕೆಡುತ್ತದೆ: ಜೊಲ್ಲಿನ ಅಮೈಲೇಸ್ ಎಂಬ ಕಿಣ್ವ ಕಾರ್ನ್ ಫ್ಲೋರಿನ ಪಿಷ್ಟವನ್ನು ಒಡೆಯುತ್ತದೆ, ದಪ್ಪಗಿದ್ದದ್ದು ನೋಡನೋಡುತ್ತ ನೀರಾಗುತ್ತದೆ. ಹೋಟೆಲಿನವರು ನೀರು ಬೆರೆಸಿದ್ದಾರೆ ಅಂತ ಬೈಯುವ ಮೊದಲು ಚಮಚ ನೋಡಿ.

ಸರ್ವಿಸ್ ಚಾರ್ಜ್ ಬಿಲ್ಲಿನಲ್ಲಿ ತಾನಾಗಿ ಸೇರಿದ್ದರೆ ತೆಗೆಯಲು ಹೇಳಬಹುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಪ್ರಕಾರ ಅದು ಗ್ರಾಹಕರ ಇಷ್ಟ. ಉಳಿದ ಫ್ರೈಡ್ ರೈಸನ್ನು ಮಾತ್ರ ಕಟ್ಟಿಸಿಕೊಂಡು ರಾತ್ರಿ ಬಸ್ಸಿನಲ್ಲಿ ಊರಿಗೆ ತರಬೇಡಿ. ಬೆಂದ ಅನ್ನ ತಾಸುಗಟ್ಟಲೆ ಬೆಚ್ಚಗಿದ್ದರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಂತಿ ಗ್ಯಾರಂಟಿ ಅಂದುಕೊಳ್ಳಿ. ಬೆಂಗಳೂರಲ್ಲೇ ನೆಂಟರ ಮನೆಯಲ್ಲಿ ಉಳಿಯುವವರು ಹೋದ ಕೂಡಲೇ ಫ್ರಿಜ್ಜಿಗೆ ಹಾಕಿ, ಮರುದಿನ ಬೆಳಿಗ್ಗೆ ಕಾದ ಬಾಣಲೆಯಲ್ಲಿ ಜೋರು ಉರಿಯಲ್ಲಿ ಹುರಿದು ತಿನ್ನಬಹುದು.