ಬೆಂಕಿ ಆರಿದ ಮೇಲೆ ಉಳಿಯುವ ನೀರು

ಹಳೆಯ ದಾಖಲೆಗಳ ರಕ್ಷಣೆಯ ಮಾತು ಬಂದಾಗ ಬೆಂಕಿಯನ್ನೂ ನೆರೆಯನ್ನೂ ಎರಡು ಬೇರೆ ಅಧ್ಯಾಯಗಳಾಗಿ ವಿಂಗಡಿಸುವ ರೂಢಿಯಿದೆ. ನನಗೆ ಅದು ಒಪ್ಪಿಗೆಯಿಲ್ಲ. ಪತ್ರಾಗಾರಕ್ಕೆ ಬಿದ್ದ ಬೆಂಕಿಯನ್ನು ಆರಿಸುವಷ್ಟರಲ್ಲಿ ಕಟ್ಟಡದೊಳಗೆ ನೆರೆಯೇ ಬಂದಿರುತ್ತದೆ.

1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದ ಆರನೆಯ ಮಹಡಿ ಹೊತ್ತಿಕೊಂಡಿತು. ಕಡತಗಳಿದ್ದ ಆ ಮಹಡಿಯಲ್ಲಿ, ಬೆಂಕಿಯ ಶಾಖಕ್ಕೆ ತಾನಾಗಿಯೇ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ನಕಲು ಪ್ರತಿಯಾಗಲಿ ಮೈಕ್ರೋಫಿಲ್ಮ್ ಆಗಲಿ ಇಲ್ಲದ 1.6ರಿಂದ 1.8 ಕೋಟಿ ಸೈನಿಕ ಕಡತಗಳು ನಾಶವಾದವು. ನಾಲ್ಕು ದಿನಕ್ಕೂ ಹೆಚ್ಚು ಕಾಲ ಸುರಿದ ನೀರು ಕೆಳಗಿನ ಮಹಡಿಗಳಿಗಿಳಿದು, ಜ್ವಾಲೆ ಮುಟ್ಟದ ಕಡತಗಳನ್ನೂ ತೋಯಿಸಿತು. ಅವುಗಳನ್ನು ಹಾಲಿನ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತುಂಬಿ, ಬಾಹ್ಯಾಕಾಶ ಯಾನಗಳ ಪರೀಕ್ಷೆಗೆಂದು ಕಟ್ಟಿದ್ದ ನಿರ್ವಾತ ಕೋಣೆಗೆ ಸಾಗಿಸಿ ಒಣಗಿಸಿದರು.

ಸ್ಪ್ರಿಂಕ್ಲರ್ ಬೇಡವೆನ್ನುವವರು ಇಂದಿಗೂ ಮುಂದಿಡುವುದು ನೀರಿನ ಭಯವನ್ನೇ. ಆದರೆ ಸ್ಪ್ರಿಂಕ್ಲರಿನ ಮೂತಿಯನ್ನು ಹತ್ತಿರದಿಂದ ನೋಡಿ: ಅಲ್ಲಿ ಕೆಂಪು ದ್ರವ ತುಂಬಿದ ಪುಟ್ಟ ಗಾಜಿನ ಕೊಳವೆಯೊಂದು ಅಡ್ಡ ನಿಂತಿರುತ್ತದೆ. ಸುತ್ತಲಿನ ಶಾಖ ಸುಮಾರು 68 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ದ್ರವ ಹಿಗ್ಗಿ ಗಾಜು ಒಡೆಯುತ್ತದೆ, ಆ ಒಂದು ಮೂತಿ ಮಾತ್ರ ತೆರೆಯುತ್ತದೆ. ಒಂದು ಬೆಂಕಿಕಡ್ಡಿ ಗೀರಿದರೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುವುದು ಸಿನಿಮಾದಲ್ಲಿ ಮಾತ್ರ. ಅಗ್ನಿಶಾಮಕ ದಳದ ಕೊಳವೆಗಳು ಹರಿಸುವ ನೀರಿನೆದುರು ಒಂದೆರಡು ಮೂತಿಗಳ ನೀರು ಏನೇನೂ ಅಲ್ಲ.

2021ರ ಏಪ್ರಿಲ್ 18ರಂದು ಕೇಪ್ ಟೌನ್ ವಿಶ್ವವಿದ್ಯಾಲಯದ ಜಾಗರ್ ಗ್ರಂಥಾಲಯದ ಓದುವ ಕೋಣೆ ಸುಟ್ಟುಹೋದರೂ, ಬೆಂಕಿ ತಡೆಯುವ ಷಟರುಗಳು ನೆಲಮಾಳಿಗೆಯ ಸಂಗ್ರಹವನ್ನು ಉಳಿಸಿದವು. ಆದರೆ ಅದೇ ನೆಲಮಾಳಿಗೆಗೆ ಬೆಂಕಿ ಆರಿಸಿದ ನೀರು ನುಗ್ಗಿತು. ಅಮೂಲ್ಯವಾದುದನ್ನು ನೆಲದಡಿ ಭದ್ರವಾಗಿಡುವ ಹಳೆಯ ನಂಬಿಕೆಗೆ 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ನಗರ ಕೂಡ ದಂಡ ತೆತ್ತಿತ್ತು. ಆರ್ನೋ ನದಿ ಉಕ್ಕಿದಾಗ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಕೆಳ ಅಂತಸ್ತಿನಲ್ಲಿದ್ದ, ಹಳೆಯ ಅಪರೂಪದ ಪುಸ್ತಕಗಳ ಮಾಲಿಯಾಬೆಕಿ ಸಂಗ್ರಹವೂ ಕೆಸರಿನ ಪಾಲಾಯಿತು.

ನೆನೆದ ಕಾಗದ ಏನಾಗುತ್ತದೆಂದು ತಿಳಿಯಲು, ರಟ್ಟಿನ ಹೊದಿಕೆಯ ರದ್ದಿ ಲೆಜರೊಂದನ್ನು ನಾನು ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದೆ. ಸಂಜೆಯ ಹೊತ್ತಿಗೆ ಅದು ಊದಿ, ಬೆನ್ನಿನ ಹೊಲಿಗೆ ಬಿಗಿದು, ಹೊದಿಕೆ ಬಾಯಿಬಿಟ್ಟಿತ್ತು; ಮೂರನೆಯ ದಿನ ಅಂಚಿನಲ್ಲಿ ಬೂಷ್ಟು ಕಾಣಿಸಿತು. ಒತ್ತೊತ್ತಾಗಿ ಜೋಡಿಸಿದ ಸಾಲಿನಲ್ಲಿ ಹೀಗೆ ಊದಿದ ಸಂಪುಟಗಳು ಕಪಾಟನ್ನೇ ಬಗ್ಗಿಸಬಲ್ಲವು. ಬೂಷ್ಟಿಗೆ ಎರಡು ಮೂರು ದಿನ ಸಾಕು, ಸಾವಿರಾರು ಕಡತಗಳನ್ನು ಅಷ್ಟರಲ್ಲಿ ಗಾಳಿಗೆ ಹರವಿ ಒಣಗಿಸುವುದು ಅಸಾಧ್ಯ. ಹಾಗಾಗಿ ಮೊದಲು ಹೆಪ್ಪುಗಟ್ಟಿಸುತ್ತಾರೆ: ಮೈನಸ್ 20 ಡಿಗ್ರಿಯ ಆಸುಪಾಸಿನಲ್ಲಿ ಬೂಷ್ಟು ಬೆಳೆಯದು, ಶಾಯಿ ಮತ್ತಷ್ಟು ಹರಡದು. ಆಮೇಲೆ ನಿರ್ವಾತದಲ್ಲಿ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಹೊಳಪು ಕಾಗದಕ್ಕೆ ಮಾತ್ರ ಇಷ್ಟೂ ಪುರುಸೊತ್ತಿಲ್ಲ. ತೇವದಲ್ಲಿ ಪುಟಕ್ಕೆ ಪುಟ ಅಂಟಿ ಇಟ್ಟಿಗೆಯಂತಾದರೆ ಬಿಡಿಸಲಾಗದು.

ಆದ್ದರಿಂದ ಶೈತ್ಯಾಗಾರದವರೊಡನೆ ಒಪ್ಪಂದ ಮೊದಲೇ ಆಗಿರಬೇಕು. ಕೆಳಗಿನ ಕಪಾಟು ನೆಲದಿಂದ ಒಂದು ಗೇಣಾದರೂ ಮೇಲಿರಬೇಕು, ಕಡತಗಳು ರಟ್ಟಿನ ಪೆಟ್ಟಿಗೆಯಲ್ಲಿರಬೇಕು. ಯಾವ ಕಪಾಟಿನ ಯಾವ ಪೆಟ್ಟಿಗೆ ಮೊದಲು ಹೊರಬರಬೇಕೆಂಬ ಪಟ್ಟಿ ಸಿದ್ಧವಿರಬೇಕು, ಅದರ ಒಂದು ಪ್ರತಿ ಕಟ್ಟಡದ ಹೊರಗಿರಬೇಕು.