ಸುಣ್ಣಕಟ್ಟು ರೋಗ ತರೋ ಫಂಗಸ್ ಬಗ್ಗೆ ಸ್ವಲ್ಪ

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಸಾಕೋರಿಗೆ ಸುಣ್ಣಕಟ್ಟು ರೋಗ ಅಂದ್ರೆ ಏನು ಅಂತ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಮಳೆಗಾಲದಲ್ಲೋ ಚಳಿಗಾಲದಲ್ಲೋ ಹುಳದ ಮನೆ ಒಳಗೆ ತೇವ ಜಾಸ್ತಿ ಆಯ್ತು ಅಂದ್ರೆ ನಾಲ್ಕನೇ ಜ್ವರ (ಅಂದ್ರೆ ಸೊಪ್ಪು ಬಿಟ್ಟು ಚರ್ಮ ಕಳಚೋ ಹೊತ್ತು) ಎದ್ದು ಗಬಗಬ ಅಂತ ಸೊಪ್ಪು ತಿಂತಿದ್ದ ಹುಳ ಮಂಕಾಗಿ ಸೊಪ್ಪು ಬಿಡ್ತವೆ, ಸತ್ತಾಗ ಮೈ ಮೆತ್ತಗೇ ಇರುತ್ತೆ, ಆಮೇಲೆ ಸೀಮೆಸುಣ್ಣದ ತುಂಡಿನ ಥರ ಸೆಟೆದುಕೊಂಡು ಮೈತುಂಬ ಬಿಳಿ ಪುಡಿ. ಆ ಪುಡಿನೇ ಫಂಗಸ್ಸಿನ ಸ್ಪೋರುಗಳು, ಅಂದ್ರೆ ಅದರ ಬೀಜದಂಥ ಕಣಗಳು. ಹೆಸರು ಬ್ಯುವೇರಿಯಾ ಬ್ಯಾಸಿಯಾನಾ.

ಇದು ಹುಳದ ಒಳಗೆ ಹೋಗೋ ದಾರಿ ನೋಡಿ. ಬ್ಯಾಕ್ಟೀರಿಯಾ ವೈರಸ್ಸು ಹೆಚ್ಚಾಗಿ ಸೊಪ್ಪಿನ ಜೊತೆ ಹೊಟ್ಟೆಗೆ ಹೋಗ್ತವೆ, ಇದಕ್ಕೆ ಬಾಯಿ ಬೇಕಾಗಿಲ್ಲ, ಸ್ಪೋರ್ ಚರ್ಮದ ಮೇಲೆ ಕೂತ್ಕೊಂಡು ತೇವ ಸಿಕ್ಕಿದ ತಕ್ಷಣ ಮೊಳಕೆ ಒಡೆದು ಎನ್‌ಜೈಮ್ ಬಿಟ್ಟು ಚರ್ಮ ಕರಗಿಸಿ ಒಳಗೆ ನುಗ್ಗುತ್ತೆ, ರಕ್ತದಲ್ಲೇ ಬೆಳೆಯುತ್ತೆ. ಹುಳದ ಚರ್ಮದಲ್ಲಿರೋ ಕೈಟಿನ್ ಅನ್ನೋ ಗಟ್ಟಿ ವಸ್ತು ಫಂಗಸ್ಸಿನ ಕೋಶದ ಗೋಡೆಯಲ್ಲೂ ಇದೆ, ಗಿಡಗಳಲ್ಲಿ ಅದಿಲ್ಲ. ಅಣಬೆ ಬೂಷ್ಟು ಥರದ ಫಂಗಸ್ಸುಗಳೆಲ್ಲ ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಸಂಬಂಧಿಗಳು ಅಂತ ವಿಜ್ಞಾನಿಗಳು ಈಗ ಹೇಳ್ತಾರೆ.

ನನಗೆ ತುಂಬಾ ಹೆಮ್ಮೆ ಅನ್ಸೋ ವಿಷಯ ಒಂದಿದೆ. ಕಣ್ಣಿಗೆ ಕಾಣದ ಜೀವಿಯಿಂದ ಪ್ರಾಣಿಗೆ ರೋಗ ಬರುತ್ತೆ ಅಂತ ಮೊದಲು ಸಾಬೀತಾಗಿದ್ದು ರೇಷ್ಮೆ ಹುಳದಲ್ಲಿ, ಇದೇ ರೋಗದಲ್ಲಿ. ಇಟಲಿಯ ಅಗೊಸ್ಟಿನೊ ಬಾಸ್ಸಿ ವರ್ಷಾನುಗಟ್ಟಲೆ ಇದರ ಹಿಂದೆ ಬಿದ್ದು, ಸತ್ತ ಹುಳದಿಂದ ಆರೋಗ್ಯವಾಗಿರೋ ಹುಳಕ್ಕೆ ರೋಗ ಅಂಟಿಸಿ ತೋರಿಸಿ 1835ರಲ್ಲಿ ಬರೆದು ಪ್ರಕಟಿಸಿದರು. ರೋಗಾಣುಗಳ ವಿಷಯದಲ್ಲಿ ಹೆಸರಾದ ವಿಜ್ಞಾನಿಗಳು ಪಾಶ್ಚರ್, ಕಾಖ್ ಇವರೆಲ್ಲ ಬಂದಿದ್ದು ಆಮೇಲೆ. ಫಂಗಸ್ಸಿನ ಹೆಸರಲ್ಲಿರೋ ಬ್ಯಾಸಿಯಾನಾ ಅವರ ನೆನಪಿಗೇ ಇಟ್ಟಿದ್ದು. ನಮ್ಮ ಕಡೆ ಸ್ಕೂಲ್ ಮಕ್ಕಳಿಗೆ ಇದನ್ನ ಯಾಕೆ ಹೇಳಿಕೊಡಲ್ವೋ, ಅರ್ಧ ಮಕ್ಕಳ ಮನೇಲಿ ಚಂದ್ರಿಕೆ (ಹುಳ ಗೂಡು ಕಟ್ಟೋ ತಟ್ಟಿ) ಇರುತ್ತೆ.

ಹಾಗಂತ ಇದನ್ನ ಬರೀ ಶತ್ರು ಅನ್ನೋಕಾಗಲ್ಲ. ಮಣ್ಣಲ್ಲಿ ಇದು ಮೊದಲಿಂದಲೂ ಇದೆ, ಕೀಟಗಳು ಮಿತಿಮೀರದ ಹಾಗೆ ನೋಡ್ಕೊಳ್ಳೋದರಲ್ಲಿ ಇದರ ಪಾಲೂ ಇದೆ, ಅದಕ್ಕೇ ಬಿಳಿನೊಣ ಅದೂ ಇದೂ ಅಂತ ತರಕಾರಿ ತೋಟಕ್ಕೆ ಜೈವಿಕ ಔಷಧಿ ಅಂತ ಪ್ಯಾಕೆಟ್‌ನಲ್ಲಿ ಮಾರ್ತಾರೆ. ವಿಷದ ಔಷಧಿಗಿಂತ ಎಷ್ಟೋ ವಾಸಿ, ಆದ್ರೆ ಟೊಮ್ಯಾಟೊ ತೋಟದ ಬದು ದಾಟಿದ್ರೆ ಹಿಪ್ಪುನೇರಳೆ ತೋಟ ಇರೋ ನಮ್ಮಂಥ ಊರಲ್ಲಿ ಇದನ್ನ ಹೊಡೀಲೇಬಾರದು, ಸೊಪ್ಪಿನ ಮೇಲೆ ಕೂತ ಸ್ಪೋರ್ ನೇರ ಹುಳ ಸಾಕೋ ತಟ್ಟೆಗೇ ಬರುತ್ತೆ. ಪಕ್ಕದ ಹೊಲದವರು ಬ್ಯುವೇರಿಯಾ ತಂದಿದ್ದಾರಾ ಅಂತ ಕೇಳಿ ತಿಳ್ಕೊಳ್ಳಿ. ಇನ್ನು ಸತ್ತ ಹುಳನ ಬೆಳ್ಳಗಾಗೋಕೆ ಮುಂಚೆನೇ ಆರಿಸಿ ಸುಟ್ಟುಬಿಡಿ, ಬೆಳ್ಳಗಾದ ಮೇಲೆ ಮುಟ್ಟಿದ್ರೆ ಪುಡಿ ಹಾರಿ ಮನೆಯೆಲ್ಲ ಹರಡುತ್ತೆ, ಜ್ವರದಲ್ಲಿದ್ದಾಗ ಸುಣ್ಣ ಉದುರಿಸಿ ಹುಳ, ಸೊಪ್ಪು ಹರಡಿರೋ ಹಾಸಿಗೆ ಒಣಗಿಸಿ, ಕಿಟಕಿ ತೆಗೆದು ಗಾಳಿ ಆಡೋಕೆ ಬಿಡಿ.