ಖಾಲಿ ಬಿಟ್ಟ ಒಂದು ಪ್ಯಾರಾಮೀಟರ್

ಕೆಲವು ವರ್ಷಗಳ ಹಿಂದೆ, ಗ್ರಾಹಕರ ವಿವರ ಹುಡುಕಿಕೊಡುವ ಎಪಿಐಯೊಂದರ (ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆ) ಕೋಡನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊಬೈಲ್ ಸಂಖ್ಯೆ ಕೊಟ್ಟರೆ ಆ ಗ್ರಾಹಕರ ಹೆಸರನ್ನು ತಿಳಿಸುವುದಷ್ಟೇ ಅದರ ಉದ್ದೇಶ. ಸಂಖ್ಯೆಯ ನಡುವೆ ಅಕ್ಷರಗಳು ಬಂದರೆ ಅಥವಾ ಅಂಕಿಗಳು ಕಡಿಮೆಯಾದರೆ ಅದು 400 ಎಂಬ ಸಂಕೇತದೊಂದಿಗೆ ಕೋರಿಕೆಯನ್ನು ತಿರಸ್ಕರಿಸುತ್ತಿತ್ತು. ಅದಕ್ಕೆ ತಕ್ಕ ಟೆಸ್ಟ್‌ಗಳೂ ಇದ್ದವು. ಆದರೆ ಮೊಬೈಲ್ ಸಂಖ್ಯೆ ಎಂಬ ಆ ಪ್ಯಾರಾಮೀಟರನ್ನು, ಅಂದರೆ ಕೋರಿಕೆಯೊಂದಿಗೆ ಹೋಗಬೇಕಾದ ಮೌಲ್ಯವನ್ನು, ಕಳುಹಿಸದೆಯೇ ಕೋರಿಕೆ ಸಲ್ಲಿಸಿದಾಗ, ಕೋಷ್ಟಕದಲ್ಲಿದ್ದ ಅಷ್ಟೂ ದಾಖಲೆಗಳು ಒಂದೇ ಪ್ರತಿಕ್ರಿಯೆಯಲ್ಲಿ ಹೊರಗೆ ಬಂದವು.

ಕಾರಣ ಬಹಳ ಸರಳವಾಗಿತ್ತು. ಸಂಖ್ಯೆ ಬಂದಿದ್ದರೆ ಅದನ್ನು ಪರೀಕ್ಷಿಸಿ ಕ್ವೆರಿಗೆ (ಡೇಟಾಬೇಸಿಗೆ ಕಳುಹಿಸುವ ಪ್ರಶ್ನೆಗೆ) ಷರತ್ತಾಗಿ ಸೇರಿಸಬೇಕು ಎಂದು ಬರೆಯಲಾಗಿತ್ತೇ ಹೊರತು, ಬಾರದಿದ್ದರೆ ಏನಾಗಬೇಕು ಎಂದು ಎಲ್ಲಿಯೂ ಹೇಳಿರಲಿಲ್ಲ. ಸಂಖ್ಯೆ ಇಲ್ಲದಾಗ ಪರೀಕ್ಷೆಯೂ ನಡೆಯಲಿಲ್ಲ, ಷರತ್ತೂ ಉಳಿಯಲಿಲ್ಲ; ಷರತ್ತಿಲ್ಲದ ಕ್ವೆರಿಗೆ ಡೇಟಾಬೇಸ್ ಎಲ್ಲವನ್ನೂ ಕೊಟ್ಟಿತು. ಇನ್‌ಪುಟ್ ಪರಿಶೀಲನೆ ಎಂದರೆ ಕೆಟ್ಟ ಅಕ್ಷರಗಳನ್ನು ತಡೆಯುವುದು ಎಂದೇ ನಮ್ಮಲ್ಲಿ ಹೆಚ್ಚಿನವರು ಕಲಿತಿದ್ದೇವೆ. ನನ್ನ ಅನುಭವದಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ: ಈ ಇನ್‌ಪುಟ್ ಒಪ್ಪಿಕೊಂಡರೆ ಎಷ್ಟು ಮಾಹಿತಿ ಹೊರಗೆ ಹೋಗಬಹುದು?

ಈ ಪ್ರಶ್ನೆಯನ್ನು ಕೇಳಿಕೊಳ್ಳದ ಕಡೆಗಳಲ್ಲಿ, ನೋಡುವುದಕ್ಕೆ ಸರಿಯಾಗಿಯೇ ಇರುವ ಮೌಲ್ಯಗಳೂ ಅಪಾಯ ತರುತ್ತವೆ. ಎಸ್‌ಕ್ಯೂಎಲ್ ಇಂಜೆಕ್ಷನ್ (ಇನ್‌ಪುಟ್‌ನೊಳಗೆ ಆಜ್ಞೆ ತೂರಿಸಿ ಕ್ವೆರಿಯನ್ನೇ ಬದಲಿಸುವ ದಾಳಿ) ತಡೆಯಲು ಪ್ಯಾರಾಮೀಟರೈಸ್ಡ್ ಕ್ವೆರಿ (ಇನ್‌ಪುಟ್ಟನ್ನು ಕ್ವೆರಿಯ ರಚನೆಯಿಂದ ಬೇರೆಯಾಗಿಯೇ ಇಡುವ ವಿಧಾನ) ಬಳಸಿದ್ದೇವೆ ಎಂದು ನೆಮ್ಮದಿಯಿಂದಿರುವ ತಂಡಗಳು, ಮಾದರಿಗೆ ಹೊಂದುವ ಪಠ್ಯವನ್ನು ಹುಡುಕುವ ಲೈಕ್ ಎಂಬ ಆಪರೇಟರ್ ಬಳಸಿದ ಹುಡುಕಾಟದಲ್ಲಿ ಶೇಕಡಾ ಚಿಹ್ನೆಯೊಂದೇ ಇನ್‌ಪುಟ್ ಆಗಿ ಬಂದರೆ ಆ ರಕ್ಷಣೆ ಕೆಲಸಕ್ಕೆ ಬಾರದು ಎಂಬುದನ್ನು ಮರೆಯುತ್ತವೆ. ಅಲ್ಲಿ ಕ್ವೆರಿಯ ರಚನೆ ಬದಲಾಗುವುದಿಲ್ಲ; ಆದರೆ ಆ ಚಿಹ್ನೆ ಯಾವ ಪಠ್ಯಕ್ಕೂ ಹೊಂದುತ್ತದೆ. ಅಮೆರಿಕದ ಅಂಚೆ ಸೇವೆಯ ಎಪಿಐಯೊಂದರ ಬಗ್ಗೆ 2018ರ ನವೆಂಬರ್‌ನಲ್ಲಿ ಬಯಲಾದ ಸಂಗತಿಯಲ್ಲಿ ಇಂಥದೇ ದೋಷವಿತ್ತು. ಲಾಗಿನ್ ಆದ ಯಾರು ಬೇಕಾದರೂ ಇತರರ ಖಾತೆಯ ವಿವರಗಳನ್ನು ನೋಡಬಹುದಾಗಿತ್ತು, ಅದರ ಮೇಲೆ ಹುಡುಕಾಟವು ವೈಲ್ಡ್‌ಕಾರ್ಡ್‌ಗಳನ್ನೂ (ಯಾವ ಪಠ್ಯಕ್ಕೂ ಹೊಂದುವ ಇಂಥ ಚಿಹ್ನೆಗಳನ್ನೂ) ಒಪ್ಪಿಕೊಳ್ಳುತ್ತಿತ್ತು. ಸುಮಾರು 6 ಕೋಟಿ ಬಳಕೆದಾರರ ವಿವರಗಳು ಹೀಗೆ ತೆರೆದುಕೊಂಡಿದ್ದವು.

ಒಂದು ಪುಟಕ್ಕೆ ಎಷ್ಟು ದಾಖಲೆ ಕೊಡಬೇಕು ಎಂಬ ಮಿತಿಯೂ ಹಾಗೆಯೇ. ಮಿತಿಗೆ ಪೂರ್ಣಾಂಕವೇ ಬರಬೇಕು ಎಂದು ಪರೀಕ್ಷಿಸಿ ಸುಮ್ಮನಾದರೆ ಸಾಲದು. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನಲ್ಲಿ ಋಣಸಂಖ್ಯೆಗೂ ಮೊಂಗೋಡಿಬಿ ಎಂಬ ಡೇಟಾಬೇಸಿನಲ್ಲಿ ಸೊನ್ನೆಗೂ ಮಿತಿಯೇ ಇಲ್ಲ ಎಂದು ಅರ್ಥ. ಮೊಂಗೋಡಿಬಿಯಲ್ಲಿ ಇನ್ನೊಂದು ಗಂಡಾಂತರವಿದೆ: ಪಠ್ಯ ಬರಬೇಕಾದಲ್ಲಿ ಜೇಸನ್ ಆಬ್ಜೆಕ್ಟ್ (ಹೆಸರು-ಮೌಲ್ಯಗಳ ಜೋಡಿಗಳಾಗಿ ಬರೆದ ಮಾಹಿತಿ) ಬಂದು, ಅದರೊಳಗೆ ‘ಇದಕ್ಕೆ ಸಮವಲ್ಲದ್ದು’ ಎಂಬ ಆಪರೇಟರ್ ಇದ್ದರೆ, ಒಂದು ದಾಖಲೆಯನ್ನು ಹುಡುಕಬೇಕಾದ ಕ್ವೆರಿ ಉಳಿದ ಎಲ್ಲ ದಾಖಲೆಗಳನ್ನೂ ತಂದುಕೊಡುತ್ತದೆ.

ನಾನು ಪರಿಶೀಲಿಸಿದ ಎಪಿಐಯಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದ್ದು ದಾಖಲೆಗಳ ಸಂಖ್ಯೆಯಲ್ಲ, ಪ್ರತಿ ದಾಖಲೆಯಲ್ಲೂ ಇದ್ದ ವಿವರಗಳು. ಪರದೆಯ ಮೇಲೆ ಹೆಸರು ಮಾತ್ರ ಕಾಣುತ್ತಿದ್ದರೂ ಪ್ರತಿಕ್ರಿಯೆಯಲ್ಲಿ ಜನ್ಮದಿನಾಂಕ, ಮನೆಯ ವಿಳಾಸ, ಪಾಸ್‌ವರ್ಡ್‌ನ ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕಹಾಕಿ ಇಟ್ಟ ಸಂಕೇತ) ಎಲ್ಲವೂ ಇದ್ದವು, ಏಕೆಂದರೆ ಡೇಟಾಬೇಸಿನ ಸಾಲನ್ನು ಇಡಿಯಾಗಿ ಜೇಸನ್‌ಗೆ ಪರಿವರ್ತಿಸಿ ಕಳುಹಿಸಲಾಗುತ್ತಿತ್ತು. ಬೇಡದ್ದನ್ನು ಬ್ರೌಸರಿನಲ್ಲಿ ಓಡುವ ಮುಂಬದಿಯ ಕೋಡ್ ಮರೆಮಾಡುತ್ತದೆ ಎಂಬುದು ಬರೆದವರ ವಾದವಾಗಿತ್ತು. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದವರಿಗೆ ಆ ಮರೆ ಇಲ್ಲವೇ ಇಲ್ಲ. ತಂತ್ರಾಂಶ ಸುರಕ್ಷತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆಯ 2019ರ ಎಪಿಐ ಅಪಾಯಗಳ ಪಟ್ಟಿಯಲ್ಲಿ ಹೀಗೆ ಮಿತಿಮೀರಿ ಮಾಹಿತಿ ಕೊಡುವ ದೋಷಕ್ಕೆ ಮೂರನೆಯ ಸ್ಥಾನವಿತ್ತು. ಕೋರಿಕೆಯಲ್ಲಿ ಬಂದ ಎಲ್ಲ ಫೀಲ್ಡ್‌ಗಳನ್ನೂ ಕಣ್ಣುಮುಚ್ಚಿ ದಾಖಲೆಗೆ ಬರೆಯುವ ಮಾಸ್ ಅಸೈನ್‌ಮೆಂಟ್ ದೋಷದೊಂದಿಗೆ ಅದನ್ನು 2023ರ ಪಟ್ಟಿಯಲ್ಲಿ ಒಂದುಗೂಡಿಸಲಾಯಿತು. ಆ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ. ಯಾವ ಫೀಲ್ಡನ್ನು ಯಾರು ಓದಬಹುದು, ಯಾರು ಬರೆಯಬಹುದು ಎಂಬುದನ್ನು ನಿರ್ಧರಿಸದೆ ಬಿಟ್ಟದ್ದೇ ಎರಡಕ್ಕೂ ಮೂಲ.

ನಾವು ಮಾಡಿದ ತಿದ್ದುಪಡಿ ದೊಡ್ಡದೇನಲ್ಲ. ಮೊಬೈಲ್ ಸಂಖ್ಯೆಯನ್ನು ಕಡ್ಡಾಯಗೊಳಿಸಿದೆವು, ಮಿತಿಗೆ 1ರಿಂದ 50ರವರೆಗಿನ ಗಡಿ ಹಾಕಿದೆವು, ಪ್ರತಿಕ್ರಿಯೆಗೆ ಹೆಸರೊಂದನ್ನೇ ಒಳಗೊಂಡ ಪ್ರತ್ಯೇಕ ಸ್ಕೀಮಾ (ಯಾವ ಫೀಲ್ಡ್‌ಗಳು ಇರಬೇಕು ಎಂಬ ನಮೂನೆ) ಬರೆದೆವು. ಇದರಿಂದ ನಾಳೆ ಯಾರಾದರೂ ಕೋಷ್ಟಕಕ್ಕೆ ಹೊಸ ಕಾಲಂ ಸೇರಿಸಿದರೂ ಅದು ತಾನಾಗಿಯೇ ಹೊರಗೆ ಹೋಗುವುದಿಲ್ಲ. ಖಾಲಿ ಮೌಲ್ಯ, ಬಾರದ ಮೌಲ್ಯ, ಶೇಕಡಾ ಚಿಹ್ನೆ, ಸೊನ್ನೆ ಇವುಗಳನ್ನು ಕಳುಹಿಸಿ, ಕೋರಿಕೆ ತಿರಸ್ಕೃತವಾಯಿತೇ ಎಂದು ನೋಡುವ ಟೆಸ್ಟ್‌ಗಳನ್ನೂ ಸೇರಿಸಿದೆವು.

ಇಷ್ಟಾದ ಮೇಲೂ ಒಂದು ವಿಷಯ ಬಗೆಹರಿಯಲಿಲ್ಲ. ನಮಗಿಂತ ಮೊದಲು ಬೇರೆ ಯಾರಾದರೂ ಈ ಬಾಗಿಲನ್ನು ಕಂಡುಕೊಂಡಿದ್ದರೇ ಎಂದು, ಬಂದ ಕೋರಿಕೆಗಳನ್ನು ದಾಖಲಿಸಿಟ್ಟ ಹಳೆಯ ಲಾಗ್‌ಗಳನ್ನು ತೆರೆದು ನೋಡಿದಾಗ, ಅಲ್ಲಿ ವಿಳಾಸದ ಹಾದಿ ಮತ್ತು ಕೋರಿಕೆ ಯಶಸ್ವಿಯಾಯಿತು ಎಂದು ತಿಳಿಸುವ 200 ಎಂಬ ಸಂಕೇತ ಮಾತ್ರ ಇದ್ದವು. ಪ್ಯಾರಾಮೀಟರ್‌ಗಳಾಗಲಿ ಪ್ರತಿಕ್ರಿಯೆಯ ಗಾತ್ರವಾಗಲಿ ದಾಖಲಾಗಿರಲಿಲ್ಲ. ಒಬ್ಬರ ಹೆಸರು ಕೇಳಿದ ಕೋರಿಕೆಯೂ ಎಲ್ಲರ ವಿವರವನ್ನೂ ಹೊತ್ತೊಯ್ದ ಕೋರಿಕೆಯೂ ಆ ಲಾಗ್‌ನಲ್ಲಿ ಒಂದೇ ರೀತಿಯ ಸಾಲುಗಳಾಗಿದ್ದವು.